ಅಪ್‌ಡೇಟ್: ಟೊಂಕದ ಆಕ್ಷೇಪಣೆ ಎಲ್ಲಿಗೆ ಬಂತು

ಹೊನ್ನಾವರ ತಾಲೂಕಿನ ಕಾಸರಕೋಡು ಟೊಂಕದ ಬಂದರು ಯೋಜನೆಗೆ ಆಕ್ಷೇಪಣೆ ಬರೆಯುವಾಗ ಕಡಲಾಮೆಗಳ ವಿಷಯ ಕಾನೂನಿನ ಮುಂದೆ ನಿಲ್ಲುತ್ತದೆಯೇ ಎಂದು ಇಲ್ಲಿ ಕೇಳಿದ್ದೆ. ನಿಲ್ಲುತ್ತದೆ. ‘ಕಣ್ಣೀರು ಸಾಕು, ನಕ್ಷೆ ಹಿಡಿಯಿರಿ’ ಎಂದು ಗದರಿದವರಿಗೆ ವಿಶೇಷ ಧನ್ಯವಾದ.

ಆಲಿವ್ ರಿಡ್ಲೆ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ. ಅದು ಮೊಟ್ಟೆಯಿಡುವ ತಾಣವನ್ನು ಕಡಲಂಚಿನ ನಿರ್ಮಾಣಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳೆರಡೂ ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿವೆ. ಹಾಗಾದರೆ ಗೂಡುಗಳು ಆ ವಲಯದ ನಕ್ಷೆಯಲ್ಲೂ ಕಾಣಬೇಕಲ್ಲವೇ? ಗೂಡುಗಳ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಕೇಳಿದ್ದೇವೆ. ಉತ್ತರ ಇನ್ನೂ ಬರಬೇಕು.

ಬರೆಯುತ್ತ ಹೋದಂತೆ ಆಮೆಗಿಂತ ಹೆಚ್ಚು ಪುಟ ನುಂಗಿದ್ದು ಒಣಮೀನು. ಯೋಜನೆಯ ಕಣ್ಣಿಗೆ ಖಾಲಿ ಮರಳಾಗಿ ಕಾಣುವ ಜಾಗ ನಮ್ಮ ಹೆಂಗಸರಿಗೆ ಮೀನು ಒಣಗಿಸುವ ಕಣ. ಇಂಥ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು 2011ರ ಅಧಿಸೂಚನೆಯಲ್ಲೇ ಇದೆ. ಇದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ತಿಳಿಸಿಯೂ ಇರಲಿಲ್ಲ! ಈಗ ಹೆಂಗಸರೇ ಮೊಬೈಲ್ ಹಿಡಿದು ಯಾವ ಮನೆಯವರು ಎಲ್ಲಿ ಒಣಗಿಸುತ್ತಾರೆಂದು ಸ್ಥಳಸಮೇತ ಗುರುತು ಮಾಡುತ್ತಿದ್ದಾರೆ.

ಉಳಿದಿರುವ ಪ್ರಶ್ನೆ ಒಂದೇ: ಈ ಗುರುತುಗಳನ್ನು ಸರ್ವೆ ನಂಬರಿಗೆ ಹೊಂದಿಸಿಕೊಡಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ?