ಸಹಾಯ ಬೇಕು: ಬ್ಯಾಂಕಾಕ್ ಬೀದಿ ಊಟದಲ್ಲಿ ಮೀನಿನ ಸಾಸ್ ತಪ್ಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಕಾಲೇಜು ಗೆಳತಿಯರು ಬ್ಯಾಂಕಾಕ್‌ಗೆ ಬಂದಿದ್ದೇವೆ, ಇನ್ನೂ ಮೂರು ದಿನ ಇರುತ್ತೇವೆ. ವಾಟ್ ಫೋ ದೇವಾಲಯದ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿ ಕಣ್ತುಂಬಿ ಬಂತು. ಕಷ್ಟ ಶುರುವಾಗುವುದು ಊಟದ ಹೊತ್ತಿಗೆ.

ಒಬ್ಬಳು ಪೂರ್ತಿ ಸಸ್ಯಾಹಾರಿ. ನಿನ್ನೆ ರಾತ್ರಿ ಯಾವೊರಾತ್‌ನಲ್ಲಿ, ಅದೇ ಚೈನಾಟೌನ್, ಸೋಮ್ ತಮ್ ಕೇಳಿದಳು. ಹಸಿ ಪಪ್ಪಾಯಿ ಕೋಸಂಬರಿ ಅಲ್ವಾ, ತೊಂದರೆ ಇಲ್ಲ ಅಂದುಕೊಂಡೆವು. ಗಾಡಿಯ ಅಜ್ಜಿ ಒರಳಿಗೆ ಒಂದು ಹಿಡಿ ಒಣ ಸೀಗಡಿ ಹಾಕಿ, ಮೇಲೆ ಮೀನಿನ ಸಾಸ್ ಸುರಿದೇಬಿಟ್ಟರು. ಪಾಪ, ಅವಳು ರಾತ್ರಿ ಬರೀ ಮಾವಿನಹಣ್ಣು ತಿಂದು ಮಲಗಿದಳು.

'ಮಾಂಗ್ಸವಿರತ್' (ಥಾಯ್‌ನಲ್ಲಿ ಸಸ್ಯಾಹಾರಿ) ಅಂತ ಹೇಳಿ ನೋಡಿದೆವು. ಮಾಂಸ ಬಿಟ್ಟರು, ಮೀನಿನ ಸಾಸ್ ಬಿಡಲಿಲ್ಲ. 'ಮೈ ಸೈ ನಾಮ್ ಪ್ಲಾ' (ಮೀನಿನ ಸಾಸ್ ಹಾಕಬೇಡಿ) ಅಂತ ಹೇಳಿದರೆ ಸಿಂಪಿ ಸಾಸ್ ಹಾಕುತ್ತಾರೆ. ಹಳದಿ ಬಾವುಟದಲ್ಲಿ ಕೆಂಪಕ್ಷರದ 'ಜೇ' (ಕಟ್ಟುನಿಟ್ಟಿನ ಸಸ್ಯಾಹಾರ) ಅಂಗಡಿಗಳಲ್ಲಿ ಭಯವಿಲ್ಲ, ಅಲ್ಲಿ ಮೊಟ್ಟೆ, ಬೆಳ್ಳುಳ್ಳಿ ಕೂಡ ಇಲ್ಲ. ಆದರೆ ಅವು ನಮಗೆ ಜಾಸ್ತಿ ಸಿಗುತ್ತಿಲ್ಲ.

ಬ್ಯಾಂಕಾಕ್‌ನಲ್ಲಿ ಇದ್ದು ಬಂದವರು ಹೇಳಿ: ಮಾಮೂಲಿ ಗಾಡಿಯಲ್ಲಿ 'ಜೇ' ಅಂದರೆ ಎರಡೂ ಸಾಸ್ ಬಿಟ್ಟು ಮಾಡಿಕೊಡುತ್ತಾರಾ? ಇಲ್ಲವಾದರೆ, ವಾಟ್ ಮಂಗ್ಕೊನ್ ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಯಾವ 'ಜೇ' ಅಂಗಡಿ ಇದೆ?