ಯುದ್ಧಕಾಲದ ಹೂವಿನ ಟೀ ಸೆಟ್: ವರ್ಷ ಗುರುತಿಸೋದು ಹೇಗೆ?

ಪ್ರಶ್ನೆ (ಇಂಗ್ಲೆಂಡಿನ ಲೆಸ್ಟರ್‌ನಿಂದ): ನಮಸ್ಕಾರ ಸರ್. ಇಲ್ಲಿನ ಒಂದು ಚಾರಿಟಿ ಅಂಗಡಿಯಲ್ಲಿ ಆರು ಕಪ್ಪು, ಸಾಸರ್, ಒಂದು ಟೀ ಪಾಟ್ ತಗೊಂಡೆ. ಮೈತುಂಬ ಪುಟ್ಟ ಪುಟ್ಟ ಹೂವು, ಬಿಳಿ ಜಾಗವೇ ಇಲ್ಲ. ಹಿಂಭಾಗದಲ್ಲಿ ‘ರಾಯಲ್ ವಿಂಟನ್, ಗ್ರಿಮ್‌ವೇಡ್ಸ್, ಮೇಡ್ ಇನ್ ಇಂಗ್ಲೆಂಡ್’ ಅಂತಿದೆ, ಕೆಳಗೆ ‘ಸಮ್ಮರ್‌ಟೈಮ್’. 1943ರದ್ದು, ಈ ಊರಿನ ಮನೆಯೊಂದರಿಂದಲೇ ಬಂದಿದ್ದು ಅಂದರು. ನಂಬಬಹುದಾ? ಅಮ್ಮ ಇದರಲ್ಲಿ ಉಪ್ಪಿನಕಾಯಿ ಬಡಿಸ್ತೀನಿ ಅಂತಿದ್ದಾರೆ, ಪರವಾಗಿಲ್ವಾ?

ಉತ್ತರ: ನಮಸ್ಕಾರ. ಗ್ರಿಮ್‌ವೇಡ್ಸ್ ಅಂದರೆ ತಯಾರಕರು, ರಾಯಲ್ ವಿಂಟನ್ ಅವರ ಬ್ರ್ಯಾಂಡ್, ಸಮ್ಮರ್‌ಟೈಮ್ ಚಿತ್ತಾರದ ಹೆಸರು. ಸೆಟ್ ಚೆನ್ನಾಗಿದೆ, ಆದರೆ 1943 ಅನ್ನೋದನ್ನು ಅಷ್ಟು ಸುಲಭವಾಗಿ ಒಪ್ಪಬೇಡಿ. ನಾನು ಹರಾಜು ಮನೆಗಳಿಗೆ ಪಿಂಗಾಣಿ ನೋಡಿ ಹೇಳುವ ಕೆಲಸ ಮಾಡ್ತೀನಿ. ‘ಯುದ್ಧಕಾಲದ್ದು’ ಅಂತ ಚೀಟಿ ಅಂಟಿಸಿದ ಬಣ್ಣದ ಸೆಟ್‌ಗಳು ನನ್ನ ಮೇಜಿಗೆ ತುಂಬಾ ಬರ್ತವೆ.

ಕಾರಣ ಹೇಳ್ತೀನಿ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಬ್ರಿಟನ್‌ನೊಳಗೆ ಮಾರುವ ಪಾತ್ರೆಗೆ ಚಿತ್ತಾರ ಹಾಕುವಂತಿಲ್ಲ, ಸಾದಾ ಆಗಿಯೇ ಇರಬೇಕು. ಕಪ್ಪಿಗೆ ಹಿಡಿ ಕೂಡ ಇಲ್ಲದೆ ಮಾಡಿದ್ದುಂಟು. ಇಂಗ್ಲೆಂಡಿನ ಪಿಂಗಾಣಿ ಊರಾದ ಸ್ಟೋಕ್-ಆನ್-ಟ್ರೆಂಟ್‌ನ ಎಷ್ಟೋ ಕಾರ್ಖಾನೆಗಳನ್ನು ಮುಚ್ಚಿ, ಕೆಲವನ್ನು ಮಾತ್ರ ಉಳಿಸಿ, ಅವುಗಳಲ್ಲೇ ಕೆಲಸ ಒಟ್ಟು ಮಾಡಿದರು. ಆ ಕಡೆಯ ಎಷ್ಟೋ ಹೆಣ್ಣುಮಕ್ಕಳು ಹತ್ತಿರದ ಸ್ವಿನರ್ಟನ್‌ನ ಮದ್ದುಗುಂಡು ಕಾರ್ಖಾನೆಗೆ ಹೋದರು. ಹೂವಿನ ಪಾತ್ರೆ ನಿಂತುಹೋಗಲಿಲ್ಲ. ಆದರೆ ಅದು ಹಡಗಿನಲ್ಲಿ ಅಮೆರಿಕ, ಕೆನಡಾ ಅಂತ ಹೊರಗೆ ಹೋಗುತ್ತಿತ್ತು, ಡಾಲರ್ ತರೋದಕ್ಕೆ. ತಯಾರಿಸಿದ ಊರಿನವರಿಗೇ ಅದರಲ್ಲಿ ಟೀ ಕುಡಿಯುವ ಭಾಗ್ಯ ಇರಲಿಲ್ಲ! ಯುದ್ಧ ಮುಗಿದರೂ ಈ ಕಟ್ಟುಪಾಡು ಪೂರ್ತಿ ಹೋಗಿದ್ದು 1952ರಲ್ಲಿ.

ಹಾಗಾಗಿ ನಿಮ್ಮ ಸೆಟ್ ಲೆಸ್ಟರ್‌ನ ಮನೆಯಲ್ಲೇ ಇದ್ದಿದ್ದರೆ ಆ ಆದೇಶಕ್ಕೆ ಮೊದಲೇ ಕೊಂಡಿದ್ದಿರಬೇಕು, ಇಲ್ಲವೇ ಕಟ್ಟುಪಾಡು ಹೋದ ಮೇಲೆ ಬಂದಿರಬೇಕು. ಹೊರದೇಶಕ್ಕೆ ಹೋಗಿ ಈಗ ವಾಪಸ್ ಬಂದ ಸೆಟ್‌ಗಳೂ ಸಿಗ್ತವೆ. ಸಮ್ಮರ್‌ಟೈಮ್ ಚಿತ್ತಾರ 1930ರ ದಶಕದ್ದು. ಆ ಮುದ್ರೆಯೂ ಯುದ್ಧದ ಮೊದಲಿನಿಂದ ನಂತರದವರೆಗೆ ಹೆಚ್ಚು ಕಡಿಮೆ ಹಾಗೆಯೇ ನಡೆದುಬಂದಿದೆ. ಬರೀ ಮುದ್ರೆ ನೋಡಿ 1943 ಅನ್ನೋದಕ್ಕೆ ಆಗಲ್ಲ. ಈ ಚಿತ್ತಾರಗಳನ್ನು 1990ರ ದಶಕದಲ್ಲಿ ಮತ್ತೆ ಮಾಡಿದ್ದಾರೆ, ಅದನ್ನೂ ನೆನಪಿಡಿ.

ಈಗ ಟೀ ಪಾಟ್ ಕೈಗೆ ತಗೊಳ್ಳಿ. ಮೂತಿ ಮೈಗೆ ಸೇರುವ ಜಾಗ ಬೆಳಕಿಗೆ ಹಿಡಿದು ನೋಡಿ. ಒಂದು ಹೂವು ಅರ್ಧಕ್ಕೆ ಕತ್ತರಿಸಿ, ಪಕ್ಕದ ಎಲೆಯ ಮೇಲೆ ಕೂತ ಹಾಗೆ ಕಾಣುತ್ತೆ. ಅದು ದೋಷ ಅಲ್ಲ. ಅಚ್ಚಾದ ಹೂವಿನ ಹಾಳೆಯನ್ನು ಹುಡುಗಿಯರು ಕತ್ತರಿಸಿ, ಬಾಗಿದ ಮೈಮೇಲೆ ಸುಕ್ಕು ಬೀಳದ ಹಾಗೆ ಕೈಯಲ್ಲೇ ಅಂಟಿಸುತ್ತಿದ್ದರು. ಮೂತಿಯ ಹತ್ತಿರ ಹಾಳೆ ಕೂಡಿಸೋದು ಕಷ್ಟದ ಕೆಲಸ. ಆ ಕೂಡಿಕೆ ಕಂಡಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ಯಾರದೋ ಬೆರಳು ಅಲ್ಲಿ ತಡವರಿಸಿದೆ ಅಲ್ವಾ?

ಉಪ್ಪಿನಕಾಯಿ ಬೇಡವೇ ಬೇಡ. ಆ ಕಾಲದ ಗ್ಲೇಜ್‌ನಲ್ಲೂ (ಮೇಲಿನ ಹೊಳಪಿನ ಲೇಪ) ಬಣ್ಣದಲ್ಲೂ ಸೀಸ ಅನ್ನುವ ವಿಷಲೋಹ ಇರಬಹುದು, ಹುಳಿ ಅದನ್ನು ಹೊರಗೆಳೆಯುತ್ತೆ. ನಿಂಬೆ, ಹುಣಸೆ, ಮೊಸರು ಯಾವುದೂ ಬೇಡ. ಕೂದಲೆಳೆ ಬಿರುಕು ಬಿಟ್ಟಿದ್ದರೆ ಬ್ಲೀಚ್ ಹಾಕಿ ಬೆಳ್ಳಗೆ ಮಾಡೋಕೆ ಹೋಗಬೇಡಿ, ಗ್ಲೇಜ್ ಏಳುತ್ತೆ. ಉಗುರುಬೆಚ್ಚನೆ ನೀರು, ಮೆತ್ತನೆ ಬಟ್ಟೆ ಸಾಕು. ಷೋಕೇಸ್‌ನಲ್ಲಿಟ್ಟು ನೋಡಿ ಖುಷಿಪಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ (ಮಡಿಕೇರಿಯಿಂದ): ಸರ್, ಹಾಗಾದ್ರೆ ಖಂಡಿತವಾಗಿ ಯುದ್ಧಕಾಲದ್ದು ಅನ್ನುವ ಪಾತ್ರೆ ಯಾವುದು? ನಮ್ಮ ತಾತ ಸೈನ್ಯದಲ್ಲಿದ್ದರು. ಅವರ ಪೆಟ್ಟಿಗೆಯಲ್ಲಿ ದಪ್ಪನೆಯ ಬಿಳಿ ತಟ್ಟೆ ಒಂದಿದೆ. ಹೂವು ಏನೂ ಇಲ್ಲ. ಹಿಂದೆ ಕಿರೀಟ, ಜಿ, ಆರ್ ಅಕ್ಷರ, ನಡುವೆ ರೋಮನ್ ಆರು, ಕೆಳಗೆ 1942. ಬಿಸಾಡೋಣ ಅಂತಿದ್ವಿ.

ಉತ್ತರ: ಅಯ್ಯೋ, ದಯವಿಟ್ಟು ಬಿಸಾಡಬೇಡಿ! ಜಿ, ಆರ್, ಆರು ಅಂದರೆ ದೊರೆ ಆರನೇ ಜಾರ್ಜ್. ಅದು ಸರ್ಕಾರಕ್ಕೆ, ಸೈನ್ಯಕ್ಕೆ ಅಂತ ಮಾಡಿದ ತಟ್ಟೆಯ ಗುರುತು. ವರ್ಷ ಅದರ ಮೇಲೇ ಇದೆ, ವಾದವೇ ಬೇಕಿಲ್ಲ. ಬ್ರಿಟನ್‌ನ ಮನೆಗಳ ಆ ಕಾಲದ ಸಾದಾ ತಟ್ಟೆಗಳಲ್ಲಿ ತಯಾರಕರ ಮುದ್ರೆ ಜೊತೆ ಎ, ಬಿ, ಸಿ ಅಂತ ಒಂದು ಅಕ್ಷರ ಇರುತ್ತೆ. ಬೆಲೆ ನಿಗದಿಗೆ ಕಾರ್ಖಾನೆಗಳನ್ನು ಗುಂಪು ಮಾಡಿದ್ದ ಗುರುತು ಅದು.

ಚಿತ್ತಾರವೇ ಬೇಕು ಅನ್ನುವವರಿಗೆ ನಾನು ತೋರಿಸೋದು ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಡೈಸನ್ ಅಂಡ್ ಹಾರ್ಸ್‌ಫಾಲ್ ಕಂಪನಿ 1939ರಲ್ಲಿ ಕ್ರೌನ್ ಡ್ಯೂಕಲ್ ಅನ್ನುವ ಪಿಂಗಾಣಿ ತಯಾರಕರಿಂದ ಮಾಡಿಸಿದ ಟೀ ಪಾಟ್. ಅಲ್ಯೂಮಿನಿಯಂ ಶಸ್ತ್ರಾಸ್ತ್ರಕ್ಕೆ ಹೋಗಿದ್ದರಿಂದ ಅದರ ಬದಲಿಗೆ ಇದು ಅಂತ ಪಾಟ್ ಮೇಲೇ ಬರೆದಿದೆ. ಆದೇಶ ಬರೋದಕ್ಕೆ ಮುಂಚಿನದು, ಆದ್ದರಿಂದ ಬಣ್ಣ ಇದೆ.

ತಾತನ ತಟ್ಟೆಯನ್ನು ತೊಳೆದು, ಹಿಂಭಾಗದ ಫೋಟೋ ತೆಗೆದು ಹಾಕಿ. ಕೆಳಗೆ ಕಾರ್ಖಾನೆ ಹೆಸರೂ ಇರಬಹುದು, ಓದಿ ಹೇಳ್ತೀನಿ. ಯಾವ ದಳದಲ್ಲಿದ್ದರು, ಎಲ್ಲಿಗೆ ಹೋಗಿದ್ದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಜೊತೆಗಿಡಿ.