4 ಅಡಿ ಹಳೇ ಟ್ಯಾಂಕ್ 7,500ಕ್ಕೆ ಬರ್ತಿದೆ, ತಗೋಬಹುದಾ?

ಕೆಂಗೇರಿ_ಗಪ್ಪಿ
ಈಗಿರೋದು 2 ಅಡಿ ಟ್ಯಾಂಕ್, ಸುಮಾರು 54 ಲೀಟರ್. ಅದರಲ್ಲಿ ಮೂರು ಗೋಲ್ಡ್ ಫಿಶ್. ಇಕ್ಕಟ್ಟು ಅಂತ ಗೊತ್ತು. 4×1.5×1.5 ಅಡಿಯದ್ದೊಂದು ಮಾರಾಟಕ್ಕಿದೆ: 8 ಎಂ.ಎಂ. ಗಾಜು, ಕಬ್ಬಿಣದ ಸ್ಟ್ಯಾಂಡ್, ಹೀಟರ್, ಲೈಟ್, ಇಂಟರ್ನಲ್ ಫಿಲ್ಟರ್ ಎಲ್ಲ ಸೇರಿ 7,500 ರೂಪಾಯಿ. ಒಂದು ವರ್ಷದಿಂದ ಟೆರೇಸ್ ಮೇಲೆ ಖಾಲಿ ಇದೆಯಂತೆ. ಒಂದು ಮೂಲೆಯಲ್ಲಿ ಗಾಜು ಅಂಟಿಸಿರೋ ಸಿಲಿಕೋನ್ ಒಳಗಡೆ ಎದ್ದಿದೆ. ನನ್ನ ಒಟ್ಟು ಬಜೆಟ್ 12,000. ಬಾಡಿಗೆ ಮನೆ, ಎರಡನೇ ಮಹಡಿ. ತಗೊಳ್ಲಾ, ಇಲ್ಲ ಹೊಸದೇ ಮಾಡಿಸ್ಲಾ?

ಸಿಲಿಕೋನ್_ಸ್ವಾಮಿ
ಎದ್ದಿರೋದು ಯಾವ ಸಿಲಿಕೋನ್ ಅನ್ನೋದರ ಮೇಲೆ ಎಲ್ಲ ನಿಂತಿದೆ ಸಾರ್. ಎರಡು ಗಾಜಿನ ನಡುವೆ ತೆಳುವಾಗಿ ಇರುತ್ತಲ್ಲ, ಭಾರ ಹಿಡಿಯೋದು ಅದು. ಒಳಮೂಲೆಯಲ್ಲಿ ಕಾಣೋ ದಪ್ಪ ಗೆರೆ ಅದನ್ನ ಕಾಯೋಕೆ ಅಷ್ಟೆ. ಟಾರ್ಚ್ ಹಿಡಿದು ಹೊರಗಿನಿಂದ ಜಾಯಿಂಟ್ ನೋಡಿ. ನಡುವಿನ ಪದರದಲ್ಲಿ ಬಿಳಿ ಗೆರೆ, ಉದ್ದುದ್ದ ಗುಳ್ಳೆ ಅಥವಾ ಪಾಚಿ ನುಗ್ಗಿದ್ದು ಕಂಡರೆ ಅಂಟು ಬಿಟ್ಟಿದೆ ಅಂತ ಅರ್ಥ. ಆಗ ಗಾಜನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಅಷ್ಟು ಮಾಡೋ ಬದಲು ಹೊಸದು ತಗೊಳ್ಳೋದೇ ವಾಸಿ.

ಒಳಗೆರೆ ಮಾತ್ರ ಎದ್ದಿದ್ದರೆ ಸರಿಮಾಡಬಹುದು, ಆದರೆ ಆ ಮೂಲೆಗಷ್ಟೇ ತೇಪೆ ಹಾಕೋಕೆ ಹೋಗಬೇಡಿ. ಒಣಗಿದ ಸಿಲಿಕೋನ್‌ಗೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ. ತೇಪೆ ಸೇರೋ ಜಾಗದಿಂದಲೇ ನೀರು ಜಿನುಗುತ್ತೆ. ಒಳಗೆರೆ ಪೂರ್ತಿ ಬ್ಲೇಡಿನಲ್ಲಿ ಕೆರೆದು ತೆಗೀರಿ. ಬ್ಲೇಡು ನಡುವಿನ ಪದರದೊಳಗೆ ಹೋಗಬಾರದು. ಗಾಜನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ, ನಾಲ್ಕು ಮೂಲೆ ಮತ್ತು ತಳದ ಸುತ್ತು ಒಂದೇ ಸಲಕ್ಕೆ ಎಳೀರಿ. ಒಟ್ಟು ಸುಮಾರು 5 ಮೀಟರ್ ಆಗುತ್ತೆ, 8 ಎಂ.ಎಂ. ಅಗಲಕ್ಕೆ 280 ಎಂ.ಎಲ್. ಟ್ಯೂಬ್ ಒಂದು ಸಾಕು. ಪದರ ಕಟ್ಟೋಕೆ ಮುಂಚೆ ಬೆರಳಲ್ಲಿ ಒತ್ತಿ ಟೇಪ್ ಕಿತ್ತುಬಿಡಿ, ತಡವಾದರೆ ಅಂಚು ಹರಿದು ಬರುತ್ತೆ. ಅಂಗಡಿಯಲ್ಲಿ ಅಕ್ವೇರಿಯಂ ಸಿಲಿಕೋನ್ ಅಂತಲೇ ಕೇಳಿ. ಬಾತ್‌ರೂಮಿಗೆ ಹಾಕೋ ಬೂಷ್ಟು ನಿರೋಧಕದಲ್ಲಿ ಮೀನಿಗೆ ವಿಷವಾಗೋ ರಾಸಾಯನಿಕ ಇರುತ್ತೆ. ಎಳೆದ ಮೇಲೆ ಒಂದು ವಾರ ನೀರು ಮುಟ್ಟಿಸಬೇಡಿ.

ಮೇಲಂಚಿನ ಗಾಜಿನ ಪಟ್ಟಿಗಳನ್ನೂ ನೋಡಿ. ಈ ಅಳತೆಗೆ 8 ಎಂ.ಎಂ. ನಡೆಯುತ್ತೆ, ಆದರೆ ಉದ್ದದ ಪಟ್ಟಿ ಮತ್ತು ನಡುವಿನ ಅಡ್ಡಪಟ್ಟಿ ಗಟ್ಟಿಯಾಗಿದ್ದರೆ ಮಾತ್ರ. ಅಡ್ಡಪಟ್ಟಿ ಕಿತ್ತುಬಂದಿದ್ದರೆ ಮುಂದಿನ ಗಾಜು ಹೊಟ್ಟೆ ಬಿಡುತ್ತೆ.

ಹೊಂಡದಮೀನು
ಸಾಮಾನುಗಳಿಗೆ ಬೆಲೆ ಕಟ್ಟಬೇಡಿ. ಹಳೇ ಹೀಟರ್ ಗೋಲ್ಡ್ ಫಿಶ್‌ಗೆ ಬೇಕಾಗೇ ಇಲ್ಲ. ಅದರ ಗಾಜಿನ ನಳಿಕೆ ಬಿರುಕು ಬಿಟ್ಟಿದ್ದರೆ ನೀರಲ್ಲಿ ಕರೆಂಟು ಬೇರೆ. ಆ ಇಂಟರ್ನಲ್ ಫಿಲ್ಟರ್ ಒಂದೇ ಸಾಲದು. ಗೋಲ್ಡ್ ಫಿಶ್ ಗಲೀಜು ಜಾಸ್ತಿ, ಗಂಟೆಗೆ 1,200 ಲೀಟರ್ ಹರಿಸೋ, ಟ್ಯಾಂಕಿನ ಮೇಲೆ ಕೂರೋ ಟಾಪ್ ಫಿಲ್ಟರ್ ಇರಲಿ. 25 ವ್ಯಾಟಿನ ಪಂಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 18 ಯೂನಿಟ್.

ಸ್ಟ್ಯಾಂಡಿಗೆ ಮಾತ್ರ ಬೆಲೆ ಇದೆ. ಬೆಸುಗೆ ಹಾಕಿದ ಜಾಗದಲ್ಲಿ ತುಕ್ಕು ತಿಂದಿದೆಯಾ, ಮೂಲೆ ಹಿಡಿದು ಅಲ್ಲಾಡಿಸಿದರೆ ಓಲಾಡುತ್ತಾ ನೋಡಿ. ಮೇಲೆ 18 ಎಂ.ಎಂ. ಪ್ಲೈವುಡ್, ಅದರ ಮೇಲೆ 12 ಎಂ.ಎಂ. ಥರ್ಮಾಕೋಲ್, ಆಮೇಲೆ ಟ್ಯಾಂಕ್. ರಸಮಟ್ಟ ಇಟ್ಟು ನೋಡದೆ ನೀರು ತುಂಬಬೇಡಿ. ಕಾಲು ತಿರುಚಿಕೊಂಡಿದ್ದರೆ ಭಾರವೆಲ್ಲ ಒಂದು ಮೂಲೆಗೆ ಬಿದ್ದು ತಳದ ಗಾಜು ಸೀಳುತ್ತೆ.

ಭಾರ: ನೀರು 220, ಗಾಜು 40, ಮರಳು 20, ಸ್ಟ್ಯಾಂಡ್ 30, ಒಟ್ಟು 310 ಕೆ.ಜಿ. ಹತ್ತಿರ. ಮನೆಯ ನೆಲಕ್ಕೆ ಐಎಸ್ 875 (ಕಟ್ಟಡದ ಮೇಲೆ ಬೀಳೋ ಭಾರದ ಭಾರತೀಯ ಮಾನದಂಡ) ಹಿಡಿಯೋ ಲೆಕ್ಕ ಚದರ ಮೀಟರಿಗೆ ಸುಮಾರು 200 ಕೆ.ಜಿ.; ಟ್ಯಾಂಕಿನ ಅಡಿಯಲ್ಲಿ ಅದು 550 ದಾಟುತ್ತೆ. ಅದಕ್ಕೇ ಕೋಣೆ ನಡುವೆ ಬೇಡ, ಹೊರಚಾಚಿದ ಬಾಲ್ಕನಿಯಂತೂ ಬೇಡವೇ ಬೇಡ. ಬೀಮ್ ಇರೋ ಗೋಡೆಗೆ ಒತ್ತಿ ಇಡಿ, ಓನರ್‌ಗೆ ಮೊದಲೇ ಹೇಳಿಡಿ. ಮೆಟ್ಟಿಲಿನ ತಿರುವಿನಲ್ಲಿ 4 ಅಡಿ ತಿರುಗುತ್ತಾ ಅಂತ ದಾರದಲ್ಲಿ ಅಳೆದುಬಿಡಿ. ಇದನ್ನೇ ಎಲ್ಲರೂ ಮರೆಯೋದು.

ಕೆಂಗೇರಿ_ಗಪ್ಪಿ
ನೀರು ತುಂಬಿಸಿ ತೋರಿಸಿ ಅಂದರೆ ಮಾರುವವರು ಒಪ್ತಿಲ್ಲ.

ಸಿಲಿಕೋನ್_ಸ್ವಾಮಿ
ಹಾಗಾದರೆ ಟ್ಯಾಂಕ್ ಅಂತ ಬೆಲೆ ಕಟ್ಟಬೇಡಿ, ಗಾಜಿಗೂ ಸ್ಟ್ಯಾಂಡಿಗೂ ಮಾತ್ರ ಕಟ್ಟಿ. ಇದೇ ಅಳತೆಯ ಹೊಸದಕ್ಕೆ ಟ್ಯಾಂಕ್ ಮಾಡೋರ ಹತ್ತಿರ ದರ ಕೇಳಿ. ಸ್ಟ್ಯಾಂಡ್ ಸೇರಿ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಬೇಡಿ. ಒಪ್ಪಿದರೆ ತಂದು, ನೀರನ್ನ ಮೂರು ಕಂತಿನಲ್ಲಿ ತುಂಬಿ, ಪ್ರತಿ ಸಲ ಟಿಶ್ಯೂ ಪೇಪರನ್ನ ಜಾಯಿಂಟಿನ ಮೇಲೆ ಎಳೆದು ನೋಡಿ. ತುಂಬಿದ ಮೇಲೆ 48 ಗಂಟೆ ಬಿಡಿ. ಅಡಿಯಲ್ಲಿ ಹಾಸಿದ ನ್ಯೂಸ್‌ಪೇಪರ್ ಒಣಗೇ ಇರಬೇಕು.

ಹೊಂಡದಮೀನು
ಗಾಜಿನ ಬಿಳಿ ಕಲೆಗೆ ವಿನೆಗರ್ ಅದ್ದಿದ ಬಟ್ಟೆ ಅರ್ಧ ಗಂಟೆ ಹಾಕಿಡಿ. ಸೋಪಿನ ಪುಡಿ ಮುಟ್ಟಿಸಬೇಡಿ.

ಮೀನಿಲ್ಲದೆ ಒಂದು ತಿಂಗಳು ಬರೀ ಫಿಲ್ಟರ್ ಓಡಿಸಿ ಪ್ರಯೋಜನವಿಲ್ಲ, ಮೀನಿನ ಗಲೀಜಿನಿಂದ ಬರೋ ಅಮೋನಿಯಾ ಇಲ್ಲದೆ, ಅದನ್ನ ಅರಗಿಸೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲ್ಲ. ಕ್ಲೋರಿನ್ ತೆಗೆದ ನೀರು ತುಂಬಿ, ಈಗಿರೋ 2 ಅಡಿ ಟ್ಯಾಂಕಿನ ಫಿಲ್ಟರನ್ನ ತೊಳೀದೆ ಮೀನಿನ ಜೊತೆ ಅದೇ ದಿನ 4 ಅಡಿಯದಕ್ಕೆ ಹಾಕಿ. ಎರಡು ವಾರ ಆಹಾರ ಅರ್ಧ ಮಾಡಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 0.25 ಪಿ.ಪಿ.ಎಂ. ತೋರಿಸಿದ ದಿನ ಕಾಲು ಭಾಗ ನೀರು ಬದಲಿಸಿ. ಅಂದರೆ ನಾಲ್ಕು ಬಕೆಟ್.